ಹೊಗೆಯಿಲ್ಲದ ಗಾಡಿಯವರು

ಬಸ್ಸಿನಲ್ಲಿ ಕೂತಾಗಲೂ ಈಗ ನಾನು ಹಿಂದಿನ ಗಾಜಿನ ಕಡೆ ತಿರುಗಿ ತಿರುಗಿ ನೋಡುತ್ತೇನೆ. ಆಗೆಲ್ಲ ನೆನಪಾಗುವುದು ವಿಜಯಪುರದ ಕಡೆಯಿಂದ ಗೋವಾಕ್ಕೆ ಬಂದು ಬ್ಯಾಟರಿ ಆಟೋ ಓಡಿಸುತ್ತಿದ್ದ ಆ ಚಾಲಕ. ಪರಿಸರಕ್ಕೆ ಒಳ್ಳೆಯದೆಂದು ಕಡಿಮೆ ಬಡ್ಡಿಗೆ ಸಿಕ್ಕ ಸಾಲದ ಗಾಡಿ ಅದು. "ಹೊಗಿ ಇಲ್ಲ, ಸಪ್ಪಳ ಇಲ್ಲ, ವಸೂಲಿ ಮಂದಿ ಮನಿಗೆ ಬರೂದೂ ಇಲ್ರಿ," ಎಂದು ಹತ್ತಿದವರಿಗೆಲ್ಲ ಹೇಳಿ ಹ್ಯಾಂಡಲ್ ಸವರುತ್ತಿದ್ದರು. ಚಾರ್ಜ್ ಉಳಿಸಲು, ಗಾಡಿ ನಿಂತಲ್ಲೆಲ್ಲ ಕೀಲಿ ತಿರುಗಿಸಿ ಆರಿಸುವುದು ಅವರ ಅಭ್ಯಾಸ.

ನಾನು ಅವರ ಆಟೋ ಹತ್ತಿದ್ದ ಒಂದು ದಿನ, ಕೊರ್ತಾಲಿಮ್ ಊರಿಗೆ ಇಳಿಯುವ ತಿರುವಿನಲ್ಲಿ ವಾಹನಗಳು ಸಾಲುಗಟ್ಟಿ ನಿಂತಾಗಲೂ ಆರಿಸಿದರು. ಮುಂದಿನವೆಲ್ಲ ಹೊರಟವು, ನಮ್ಮದು ಹೊರಡಲಿಲ್ಲ. ಕಂತು ತಪ್ಪಿದ್ದಕ್ಕೆ ಸಾಲ ಕೊಟ್ಟ ಕಂಪನಿ, ಗಾಡಿ ಆರಿದೊಡನೆ ಅದರೊಳಗಿನ ಜಿಪಿಎಸ್ ಪೆಟ್ಟಿಗೆಯ ಮೂಲಕ ದೂರದಿಂದಲೇ ಬೀಗ ಹಾಕಿತ್ತು. ನೂಕಿದರೂ ಚಕ್ರ ಅಲುಗಲಿಲ್ಲ. ತಿರುವಿನಿಂದ ಧುತ್ತೆಂದು ಬಂದ ಲಾರಿಗಳು ಕೊನೆಯ ಗಳಿಗೆಯಲ್ಲಿ ನಮ್ಮನ್ನು ಕಂಡು ಪಕ್ಕಕ್ಕೆ ಹೊರಳುತ್ತಿದ್ದವು.

ನಾನು ಚರಂಡಿ ದಾಟಿ ನಿಂತು ಕೂಗಿದೆ: "ಗಾಡಿ ಬಿಟ್ಟು ಈ ಕಡೆ ಬರ್ರಿ!"

"ಗಾಡಿ ಹ್ವಾದ್ರೂ ಸಾಲ ಉಳೀತೈತ್ರಿ, ಅಕ್ಕಾರ!"

ಅವರು ಆಟೋದ ಹಿಂದೆಯೇ ನಿಂತರು. ಬಿಚ್ಚಿದ ಅಂಗಿಯನ್ನು ಲಾರಿಗಳತ್ತ ಬೀಸುತ್ತ, ಇನ್ನೊಂದು ಕೈಯಿಂದ ಕಂಪನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು. ನಮ್ಮ ಕಡೆಯದೇ ಒಂದು ಹೆಣ್ಣು ದನಿ ಹೇಳಿತು: "ನಿಮ್ಮ ಗಾಡಿ ಎಲ್ಲೈತಿ ಅಂತ ನಮಗ ಇಲ್ಲೇ ಕಾಣತೈತ್ರಿ. ಕಂತು ತುಂಬ್ರಿ, ಬೀಗ ತೆಗೀತೀವಿ."

"ಹಿಂದ ಲಾರಿ ಬರಾಕತ್ತೈತಿ. ಅದೂ ಕಾಣತೈತೇನವ್ವಾ, ತಂಗಿ?"

ಅಷ್ಟರಲ್ಲಿ ಬ್ರೇಕಿನ ಕಿರುಚು. ಅಂಗಿ ಬೀಸುವ ಕೈ ನಿಲ್ಲಲಿಲ್ಲ. ಫೋನಿನೊಳಗೆ ಕಂಪ್ಯೂಟರಿನ ಗುಂಡಿಗಳು ಟಕಟಕ ಒತ್ತಿದ ಸದ್ದು. ಬೀಗ ತೆರೆದು ಆಟೋದ ದೀಪ ಹೊತ್ತಿಕೊಂಡಿತು.