ಕೋಲಾರದಲ್ಲೇ ಕೂತ ಅಂಚೆಚೀಲ

ಎರಡು ವಾರದ ಹಿಂದೆ ಪತ್ರಿಕೆಯ ಇದೇ ಜಾಗದಲ್ಲಿ ನಾನೊಂದು ಮಾತು ಬರೆದಿದ್ದೆ. ಸರ್ಕಾರ ಅಂಚೆಯನ್ನು ಖಾಸಗಿಯವರಿಗೆ ವಹಿಸಿಬಿಟ್ಟರೆ ಒಳ್ಳೆಯದು ಎಂದು. ನಿಮ್ಮಲ್ಲಿ ಕೆಲವರು ಕಾರ್ಡು ಬರೆದು ಮೆಚ್ಚಿಕೊಂಡಿರಿ. (ಆ ಕಾರ್ಡುಗಳು ಬೇಗ ಬಂದವು. ಅದೃಷ್ಟ.)

ಉದಾಹರಣೆಗೆ ನಮ್ಮೂರನ್ನೇ ಕೊಟ್ಟಿದ್ದೆ. ಮುಳಬಾಗಿಲಿಗೆ ರೈಲಿಲ್ಲ. ಕೋಲಾರದಿಂದ ಅಂಚೆಚೀಲ ತರುವುದು ಕಂಟ್ರಾಕ್ಟ್ ಹಿಡಿದ ಖಾಸಗಿ ಬಸ್ಸು. ಹಿಂದೆ ಚೀಲ ಹೊತ್ತು ನಡೆದು ಬರುತ್ತಿದ್ದ ಅಂಚೆಯಾಳು ಎಲ್ಲಿ, ಈ ಮೋಟಾರು ಎಲ್ಲಿ ಎಂದು ಹೊಗಳಿದ್ದೆ.

ಈ ಮಂಗಳವಾರ ಅಮೀನಾಬಿ ನಮ್ಮ ಮನೆಗೆ ಬಂದರು.

ಅಮೀನಾಬಿ ಪಕ್ಕದ ಬೀದಿಯವರು. ಹತ್ತಿ ತುಂಬಿ ರಜಾಯಿ ಹೊಲಿದು ಜೀವನ ಮಾಡುವ ವಿಧವೆ. ಒಬ್ಬನೇ ಮಗ ರಹೀಮ್ ನನ್ನ ಹತ್ತಿರವೇ ಓದಿದವನು. ಯುದ್ಧ ಶುರುವಾದ ಮೇಲೆ ಮಿಲಿಟರಿ ಲಾರಿ ಓಡಿಸಲು ಸೇರಿದ. ಬೆಂಗಳೂರಿನ ಕ್ಯಾಂಪಿನಿಂದ ಅವನು ಬರೆಯುವ ಕಾಗದಗಳನ್ನು ತಾಯಿಗೆ ಓದಿ ಹೇಳುವುದು ನನ್ನ ಕೆಲಸ.

"ಈಗ ಬಂತು ಮೇಷ್ಟ್ರೇ, ಓದಿ," ಎಂದು ಲಕೋಟೆ ಕೊಟ್ಟು ಜಗಲಿಯ ಮೇಲೆ ಕೂತರು.

ಓದಿದೆ. 'ಅಮ್ಮಾ, ನಮ್ಮನ್ನು ದೂರ ಕಳಿಸುತ್ತಾರೆ. ಎಲ್ಲಿಗೆ ಅಂತ ಬರೆಯುವ ಹಾಗಿಲ್ಲ. ಭಾನುವಾರ ಸಂಜೆಯವರೆಗೆ ಮನೆಯವರನ್ನು ನೋಡಲು ಬಿಡುತ್ತಾರೆ. ಗೇಟಿನ ಹತ್ತಿರ ಕಾಯುತ್ತಿರುತ್ತೇನೆ. ಬಾ.'

"ಇವತ್ತು ಮಂಗಳವಾರ ಅಲ್ವಾ?" ಎಂದರು.

"ಹೌದಮ್ಮ."

"ಸರಿಯಾಗ್ ನೋಡಿ. ಬರೋ ಭಾನುವಾರ ಇರಬೋದು."

ತಾರೀಖು ನೋಡಿದೆ. ಹೋದ ಭಾನುವಾರವೇ. ಲಕೋಟೆಯ ಮೇಲೆ ಕೋಲಾರದ ಮೊಹರು ಶುಕ್ರವಾರದ್ದು. ಹೇಳಿದೆ. ಅಮೀನಾಬಿ ಅಳಲಿಲ್ಲ. ಕಾಗದ ತೆಗೆದುಕೊಂಡು ಎದ್ದುಹೋದರು.

ನಾನು ಪೋಸ್ಟಾಫೀಸಿಗೆ ಹೋದೆ. "ಚೀಲ ಬಂದ್ರೆ ಹಂಚ್ತೀವಿ ಸಾರ್. ಬರದಿದ್ರೆ ಮೋಟಾರ್‌ನವರನ್ನ ಕೇಳ್ಬೇಕು," ಎಂದರು ಪೋಸ್ಟ್‌ಮಾಸ್ಟರು.

ಕೇಳಿದೆ. ಬಸ್ಸಿನ ಮಾಲೀಕ ಇದ್ದಿಲಿನ ಮಸಿ ಹತ್ತಿದ ಕೈ ಒರೆಸಿಕೊಳ್ಳುತ್ತ ಹೇಳಿದ: "ಏಂ ಸ್ವಾಮಿ, ಯುದ್ಧ ಅಂತ ಪೆಟ್ರೋಲ್ ಸಿಗಲ್ಲ, ಇದ್ದಿಲಿನ ಗ್ಯಾಸಲ್ಲಿ ಗಾಡಿ ಓಡಿಸ್ತಾ ಇದೀನಿ. ಮೂರು ದಿನ ಪ್ಯಾಸೆಂಜರ್ ಇರ್ಲಿಲ್ಲ, ಗಾಡಿ ಬಿಡ್ಲಿಲ್ಲ. ಒಂದು ಚೀಲಕ್ಕೋಸ್ಕರ ಅಷ್ಟು ದೂರ ಬರಕ್ಕಾಗ್ತದಾ? ನೀವೇ ಹೇಳಿ."

ಅವನು ಕೆಟ್ಟವನಲ್ಲ. ಬಸ್ಸು ಇಟ್ಟಿರುವುದು ವ್ಯಾಪಾರಕ್ಕೆ. ಸೀಟು ತುಂಬದಿದ್ದರೆ ನಿಲ್ಲಿಸುತ್ತಾನೆ, ನಾನಾಗಿದ್ದರೂ ನಿಲ್ಲಿಸುತ್ತಿದ್ದೆ. ಆದರೆ ಒಂದು ಚೀಲಕ್ಕೋಸ್ಕರ ಬರುವುದೇ ಅಲ್ಲವೇ ಅಂಚೆ ಎಂದರೆ? ಆ ಅಂಚೆಯಾಳು ನಿಧಾನವಾಗಿಯೇ ಬರುತ್ತಿದ್ದ. ಚೀಲದಲ್ಲಿ ಒಂದೇ ಕಾಗದವಿದ್ದರೂ ಬರುತ್ತಿದ್ದ. ಶುಕ್ರವಾರ ಅವನು ಹೊರಟಿದ್ದರೆ ಶನಿವಾರ ಅಮೀನಾಬಿ ಹೇಗೋ ಬೆಂಗಳೂರಿನ ದಾರಿ ಹಿಡಿದಿರುತ್ತಿದ್ದರು.

ಇದೆಲ್ಲ ಎರಡು ವಾರದ ಹಿಂದೆ ನನಗೆ ಏಕೆ ಹೊಳೆಯಲಿಲ್ಲ? ನನ್ನ ಮಗ ಮನೆಯಲ್ಲೇ ಇದ್ದಾನೆ. ಅದಕ್ಕೇ ಇರಬೇಕು.

ಮಾರನೆಯ ದಿನ ಅಮೀನಾಬಿ ಮತ್ತೆ ಬಂದರು. ಕ್ಯಾಂಪಿನ ವಿಳಾಸಕ್ಕೆ ಬರೆದರೆ ಅವನಿರುವಲ್ಲಿಗೆ ಕಳಿಸುತ್ತಾರಂತೆ.

"ಏನಂತ ಬರೀಲಮ್ಮ?"

"ಬಂದಿದ್ದೆ ಅಂತ ಬರೀರಿ. ಗೇಟ್ ಹತ್ರ ಬಹಳ ಜನ ಇದ್ರು, ದೂರದಿಂದ ನಿನ್ನ ನೋಡ್ದೆ, ಕೂಗಿದ್ದು ನಿಂಗೆ ಕೇಳಿಸ್ಲಿಲ್ಲ ಅಂತ ಬರೀರಿ."

ನಾನು ಪೆನ್ನು ಹಿಡಿದು ಅವರ ಮುಖ ನೋಡಿದೆ.

"ಅಮ್ಮ ಬರ್ಲಿಲ್ಲ ಅಂದ್ಕೊಂಡು ಅವನು ಹೋಗೋದು ಬ್ಯಾಡ ಮೇಷ್ಟ್ರೇ."

ಬರೆದೆ. ಅವರು ಹೇಳಿದ್ದಕ್ಕಿಂತ ಒಂದು ಸಾಲು ಹೆಚ್ಚೇ ಬರೆದೆ: 'ನೀನು ಸ್ವಲ್ಪ ಇಳಿದುಹೋಗಿದ್ದೀಯ, ಸರಿಯಾಗಿ ಊಟ ಮಾಡು.' ಓದಿ ಹೇಳಿದಾಗ ಆಕೆ ಹೌದೆಂದು ತಲೆಯಾಡಿಸಿದರು, ನಿಜವಾಗಿ ನೋಡಿ ಬಂದವರ ಹಾಗೆ.

ಕಾಗದವನ್ನು ನಾನೇ ಅಂಚೆ ಡಬ್ಬಿಗೆ ಹಾಕಿ ಎರಡು ದಿನವಾಯಿತು. ಅದನ್ನು ಕೋಲಾರಕ್ಕೆ ಒಯ್ಯಬೇಕಾದ ಬಸ್ಸು ನಿಂತಲ್ಲೇ ನಿಂತಿದೆ. ಅದು ಹೊರಡಲು ಇನ್ನೂ ಎಷ್ಟು ಪ್ಯಾಸೆಂಜರ್ ಬೇಕು?