ಎರಡನೇ ನಂಬರಿನ ಹಿಮದ ಬೂಟು

ಶುಕ್ರವಾರ ಬ್ಯಾಂಕಿಗೆ ರಜೆ ಹಾಕಿ ಬೆಳಿಗ್ಗೆ ಒಂಬತ್ತಕ್ಕೆ ಪೆರುಂಗುಡಿಯ ಮನೆಯಿಂದ ಹೊರಟೆ. ಡಿಸೆಂಬರ್ ಆದರೂ ಬಸ್ ಸ್ಟಾಪಿನಲ್ಲಿ ನಿಂತಷ್ಟಕ್ಕೇ ಬೆನ್ನು ಬೆವತಿತ್ತು. ಹೊರಟಿದ್ದು ಹಿಮದಲ್ಲಿ ನಡೆಯುವ ಬೂಟು ಹುಡುಕಲು. ಭಾನುವಾರ ಉತ್ತರಾಖಂಡಕ್ಕೆ ರೈಲು. ಜೊತೆಗೆ ಬರಬೇಕಿದ್ದ ಮಂಡ್ಯದ ಗೆಳತಿ ಕೊನೇ ಗಳಿಗೆಯಲ್ಲಿ ಆಗೋದಿಲ್ಲ ಅಂದಿದ್ದಳು. "ಸರಿಯಾದ ಬೂಟಿಲ್ಲದಿದ್ದರೆ ಹಿಮದ ಮೇಲೆ ಬಿಡೋದಿಲ್ಲ ಮೇಡಂ," ಎಂದು ಚಾರಣದವರು ಫೋನಿನಲ್ಲಿ ಖಡಾಖಂಡಿತ ಹೇಳಿದ್ದರು. ನನಗೆ ನಲವತ್ತಾರು ವರ್ಷ. ಪಾದ ಮಾತ್ರ ಎರಡನೇ ನಂಬರು.

ಗಿಂಡಿ ಬಡಾವಣೆಯಲ್ಲಿ ಮೂರು ಅಂಗಡಿ ಹತ್ತಿಳಿದೆ. ಹೆಂಗಸರ ಬೂಟು ನಾಲ್ಕರಿಂದ ಶುರು. ಎರಡು ಜೊತೆ ಕಾಲುಚೀಲ ಹಾಕಿದರೂ ಹಿಮ್ಮಡಿ ಮೇಲೇಳುತ್ತಿತ್ತು. ಕ್ರ್ಯಾಂಪನ್ ಅಂದರೆ ಜಾರದಂತೆ ಬೂಟಿನಡಿಗೆ ತೊಡಿಸುವ ಮುಳ್ಳಿನ ಸರಪಳಿ; ಅದರಲ್ಲಿ ಎಲ್ಲಕ್ಕಿಂತ ಸಣ್ಣದನ್ನು ಕೊಂಡೆ. ಅಂಗಡಿಯಾಕೆ ನನ್ನ ಪಾದ ನೋಡಿ ನಕ್ಕು, "ಪಲ್ಲಾವರಂ ಸಂದೈಲ ಪಾರುಂಗ, ಇನ್ನಿಕ್ಕಿ ವೆಳ್ಳಿಕ್ಕಿಳಮೈ," ಎಂದಳು. ಇವತ್ತು ಶುಕ್ರವಾರ, ಸಂತೆಯಲ್ಲಿ ನೋಡಿ ಎಂದು.

ಸ್ಟೇಷನ್ ಎದುರು ಮೊಸರನ್ನ ತಿಂದೆ. ಎದುರಿನ ಕುರ್ಚಿಯಲ್ಲಿ ಚೀಲವಿಟ್ಟಿದ್ದೆ. ಅದನ್ನು ತೆಗೆಯಿರಿ ಎಂದು ಯಾರೂ ಕೇಳಲಿಲ್ಲ. ಈ ತಮಿಳು ಊರಿಗೆ ವರ್ಗವಾಗಿ ಬಂದು ಎಂಟು ತಿಂಗಳಾಗಿತ್ತು. ಕೌಂಟರಿನಲ್ಲಿ ದಿನವಿಡೀ ಮಾತು, ಮನೆಗೆ ಬಂದರೆ ಕುಕ್ಕರಿನ ಸೀಟಿಯೊಂದೇ.

ಐದು ರೂಪಾಯಿ ಟಿಕೆಟ್ಟಿನಲ್ಲಿ ಪಲ್ಲಾವರಂ ತಲುಪಿದೆ. ಸಂತೆಯಲ್ಲಿ ಹಳೆಯ ಟೀವಿ, ಗುಲಾಬಿ ಗಿಡ, ಪಾರಿವಾಳ ಎಲ್ಲ ಇದ್ದವು. ನೀಲಿ ಟಾರ್ಪಾಲಿನ ಕೆಳಗೆ ಹೊರದೇಶದ ಹಳೇ ಶೂಗಳ ರಾಶಿ. ಅದರ ತಳದಿಂದ ಉಣ್ಣೆಯ ಒಳಪದರಿನ ಪುಟ್ಟ ಬೂಟು ಸಿಕ್ಕಿತು. ಒಂದೇ ಕಾಲಿನದು.

"ಇನ್ನೊಂದು ಎಲ್ಲಿ ಹೋಯ್ತಪ್ಪಾ," ಎಂದು ನನಗೇ ಹೇಳಿಕೊಂಡೆ.

ರಾಶಿಯ ಪಕ್ಕ ಕೂತು ಶೂ ಹೊಲಿಯುತ್ತಿದ್ದ ಅಂಗಡಿಯ ಮುದುಕ ತಲೆಯೆತ್ತಿದ. "ಕನ್ನಡಮಾ? ನಾವೂ ಕನ್ನಡವೇ. ತಾತನ ಕಾಲತ್ತಲೇ ಇಲ್ಲಿಗೆ ಬಂದುಟ್ಟೋ. ಇರಿ, ತೇಡೋಣ."

ಹಿಮ ಹತ್ತಲು ಹೊರಟಿದ್ದನ್ನು ಹೇಳಿದೆ; ಇಬ್ಬರೂ ಕೂತು ಅರ್ಧ ಗಂಟೆ ರಾಶಿ ಕೆದಕಿದೆವು. ಜೋಡಿ ಸಿಕ್ಕಿದಾಗ ಆತ ನನಗಿಂತ ಜೋರಾಗಿ ಕೂಗಿದ. ಕಾಲಿಗೆ ಅಳತೆ ಮಾಡಿಸಿದಂತೆ ಕೂತಿತು. ಕ್ರ್ಯಾಂಪನ್ ಮಾತ್ರ ಜೋತಾಡಿತು. ಇಕ್ಕಳ ತಂದು ಎರಡು ಕೊಂಡಿ ಕಳಚಿ, ರಬ್ಬರ್ ಪಟ್ಟಿ ಬಿಗಿದು ಹೊಲಿದ.

"ಕೂಡ ಯಾರು ಬರ್ತಾರೆ?"

"ಯಾರೂ ಇಲ್ಲ. ಒಬ್ಬಳೇ."

ಆತ ಬಗ್ಗಿ ಲೇಸು ಎಳೆದು ಕಟ್ಟಿದ. "ನಡ್ದು ಕಾಟ್ರಿಮ್ಮಾ."

ನಡೆದು ತೋರಿಸಲೆಂದು ಸಂತೆಯ ಮಣ್ಣಿನಲ್ಲಿ ಮುಳ್ಳೂರಿಕೊಂಡು ಹತ್ತು ಹೆಜ್ಜೆ ಹೋಗಿ ಬಂದೆ. ಜನ ನಿಂತು ನೋಡಿದರು. ಆತ ನನ್ನ ಹಿಮ್ಮಡಿಯನ್ನಷ್ಟೇ ನೋಡುತ್ತಿದ್ದ.

"ಸರಿಯಾಗಿದೆ. ಬಂದ ಮೇಲೆ ಬಂದು ಹೇಳಿ, ಮಂಜು ಎಪ್ಪಡಿ ಇತ್ತು ಅಂತ. ವಾರಾವಾರಂ ಇಲ್ಲೇ ಇರ್ತೀನಿ."

ಸ್ಟೇಷನ್ನಿನ ಮೇಲ್ಸೇತುವೆಯಿಂದ ಒಮ್ಮೆ ತಿರುಗಿ ನೋಡಿದೆ. ಸಂತೆಯ ತುಂಬ ನೀಲಿ ಟಾರ್ಪಾಲುಗಳೇ. ಆತನದು ಯಾವುದೆಂದು ತಿಳಿಯಲಿಲ್ಲ. ದಾರಿಯ ಬಲಕ್ಕೆ, ಪಾರಿವಾಳದವರಿಂದ ನಾಲ್ಕನೆಯದು ಎಂದು ಮನಸ್ಸಿನಲ್ಲಿ ಗುರುತು ಹಾಕಿಕೊಂಡು ರೈಲು ಹತ್ತಿದೆ.