ಇಳಿಜಾರಿಗೆ ತಕ್ಕ ಕ್ಯಾಮೆರಾ

ಕರಕೋಲ್ ಊರಿನ ಮದುವೆಗಳಲ್ಲಿ ವಿಡಿಯೊ ತೆಗೆಯುವ ಜೊಲ್ದೊಶ್ ನನ್ನ ಪಕ್ಕದ ಮನೆಯವನು. ಅವನನ್ನೂ ಅವನ ಸಾಮಾನನ್ನೂ ಹೊತ್ತೊಯ್ಯುವ ಕಾರು ನನ್ನದು. ಕೈ ಪಳಗಿದವನೇ, ಆದರೆ ಪಳಗಿದ್ದೆಲ್ಲ ನಿಧಾನದ ಕೆಲಸದಲ್ಲಿ. ಮದುವೆ ಔತಣದಲ್ಲಿ ಯಾರೂ ಓಡುವುದಿಲ್ಲ. ಗೌರವಕ್ಕೆಂದು ಬಡಿಸುವ ಕುರಿಯ ತಲೆ ಯಾವ ಹಿರಿಯರ ತಟ್ಟೆಗೆ ಹೋಯಿತೋ ಅವರೆದುರು ನಿಂತು, ಅವರು ಹರಸುವುದನ್ನು ಚಿತ್ರಿಸಿಕೊಂಡರೆ ಮುಗಿಯಿತು.

ಆ ಚಳಿಗಾಲ ಅವನ ಅಕ್ಕನ ಮಗಳು ಬೆಗಿಮಾಯ್ ಬಂದು ಅವನ ನೆಮ್ಮದಿ ಕೆಡಿಸಿದಳು. ಹಿಮದ ಇಳಿಜಾರಿನಲ್ಲಿ ಕಂಬಗಳ ನಡುವೆ ನುಸುಳುತ್ತ ಸ್ಕೀ ಮೇಲೆ ಜಾರುವುದರಲ್ಲಿ ಆ ಹುಡುಗಿಯನ್ನು ಮೀರಿಸುವವರಿರಲಿಲ್ಲ. ಅವಳು ಮೇಲಿಂದ ಕೆಳಗಿನವರೆಗೆ ಇಳಿಯುವ ವಿಡಿಯೊವನ್ನು ಎಲ್ಲೂ ಕತ್ತರಿಸದೆ ಕಳಿಸಿದರೆ ತಂಡಕ್ಕೆ ಸೇರಿಸುವ ಮಾತು ನೋಡೋಣವೆಂದು ರಾಜಧಾನಿ ಬಿಷ್ಕೆಕ್‌ನ ತರಬೇತುದಾರ ಹೇಳಿದ್ದ. ಋತುವಿನ ಕೊನೆಯ ಸ್ಪರ್ಧೆ ಬರುವ ಭಾನುವಾರವೇ ಇತ್ತು.

"ಮಾವ, ನಿಮ್ಮ ಹಳೇ ಡಬ್ಬಾ ಮಾತ್ರ ತರ್ಬೇಡಿ. ಅದ್ರಲ್ಲಿ ನಾನು ಹೊಗೆ ಥರ ಕಾಣ್ತೀನಿ," ಎಂದಳು.

ಹೊಸದು ಕೊಳ್ಳಲು ಬಜಾರಿಗೆ ಹೋದೆವು. ಅಂಗಡಿಯವನು ಮೂರು ಕ್ಯಾಮೆರಾ ಸಾಲಾಗಿ ಇಟ್ಟ. ಒಂದು ಹೆಗಲ ಮೇಲೆ ಹೊರುವಂಥದ್ದು, ಒಂದು ಅಂಗೈಯಲ್ಲಿ ಅಡಗುವಂಥದ್ದು, ಇನ್ನೊಂದು ಉದ್ದ ಮೂತಿಯದು.

"ದೊಡ್ಡದೇ ತಗೊಳ್ರೀ," ಎಂದಳು ಜೊಲ್ದೊಶ್‌ನ ಹೆಂಡತಿ ಬುರ್ಮಾಕಾನ್. "ಚಿಕ್ಕದು ಹಿಡ್ಕೊಂಡು ಹೋದ್ರೆ ಮದುವೆ ಮನೇಲಿ ನಿಮ್ಮ ತಟ್ಟೆಗೆ ಬರೀ ಮೂಳೆ ಬೀಳತ್ತೆ."

"ಚಿಕ್ಕದನ್ನ ಹುಡುಗಿ ಹೆಲ್ಮೆಟ್‌ಗೇ ಕಟ್ಟಿಬಿಡಿ," ಎಂದ ಅಂಗಡಿಯವನು.

"ಅವಳಿಗೇನು ಕಾಣತ್ತೆ ಅನ್ನೋದು ಯಾರಿಗೆ ಬೇಕಪ್ಪ? ಅವಳು ಕಾಣ್ಬೇಕು," ಎಂದೆ ನಾನು. ಮೂಗು ತೂರಿಸುವುದು ನನ್ನ ಹುಟ್ಟುಗುಣ.

ಅಂಗಡಿಯವನು ಸೆಕೆಂಡಿಗೆ ಇಷ್ಟು ಚಿತ್ರ, ಅಷ್ಟು ಚಿತ್ರ ಎಂದು ಕೊರೆಯತೊಡಗಿದ. ಜೊಲ್ದೊಶ್ ತಲೆಯಾಡಿಸುತ್ತಲೇ ಇದ್ದ. ಒಂದಕ್ಷರವೂ ಹತ್ತುತ್ತಿಲ್ಲವೆಂದು ಆ ತಲೆಯಾಟವೇ ಹೇಳುತ್ತಿತ್ತು. ಕೊನೆಗೆ, "ಚಿತ್ರ ಜಾಸ್ತಿ ಆದ್ರೆ ಹುಡುಗಿ ಬೇಗ ಬರ್ತಾಳೋ, ನಿಧಾನ ಬರ್ತಾಳೋ?" ಎಂದು ಕೇಳಿದ.

ರೋಸಿಹೋದ ಬುರ್ಮಾಕಾನ್ ಗಂಡನ ಕೈಗೆ ದಪ್ಪ ಕೈಗವಸು ತೊಡಿಸಿ, ಮೂರನ್ನೂ ಪರೀಕ್ಷಿಸಿ ನೋಡೆಂದು ಬೀದಿಗೆ ತಳ್ಳಿದಳು. ಅತ್ತ ಕುದುರೆಯ ಜಾರುಬಂಡಿಯೊಂದು ಹೋಗುತ್ತಿತ್ತು. ಚಿಕ್ಕದರ ಗುಂಡಿ ಕೈಗವಸಿಗೆ ಸಿಗಲೇ ಇಲ್ಲ. ದೊಡ್ಡದನ್ನು ಹೆಗಲಿಗೇರಿಸುವಷ್ಟರಲ್ಲಿ ಬಂಡಿ ತಿರುವು ದಾಟಿತ್ತು. ಹಿಂದೆಯೇ ಬಂದ ಇನ್ನೊಂದು ಕುದುರೆಯ ಮೂಗಿನ ಹಬೆಯನ್ನೂ ಉದ್ದ ಮೂತಿಯದು ಹಿಡಿದುಕೊಂಡಿತು. ಅದನ್ನೇ ಕೊಂಡ. ಆದರೂ ಮನೆ ಮುಟ್ಟುವವರೆಗೆ, "ದೊಡ್ಡದೇ ತಗೋಬೇಕಿತ್ತೇನೋ" ಎಂದು ನನ್ನ ತಲೆ ತಿಂದ.

ಭಾನುವಾರ ಇಳಿಜಾರಿನ ಬುಡದಲ್ಲಿ ನಿಂತೆವು. ಚಳಿಗೆ ಸಾಯಬಾರದೆಂದು ಜೊಲ್ದೊಶ್ ಬ್ಯಾಟರಿಯನ್ನು ಅಂಗಿಯೊಳಗೆ ಬೆಚ್ಚಗಿಟ್ಟು ತಂದಿದ್ದ. ಮೇಲೆ ಬೆಗಿಮಾಯ್‌ಳ ಕೆಂಪು ಅಂಗಿ ಕಾಣುತ್ತಿತ್ತು. ಅಷ್ಟರಲ್ಲಿ ನಮ್ಮ ಬೀದಿಯ ಹಿರಿಯ ಶಾರ್ಶೆನ್ ಅಜ್ಜ ಬಂದು, ಹೊಸ ಕ್ಯಾಮೆರಾ ಕಂಡು ಹಿಗ್ಗಿ, ಅದರ ಎದುರಿಗೇ ನಿಂತು ಅಂಗೈ ಬಿಚ್ಚಿ ಹರಸತೊಡಗಿದ.

"ಈ ಮಗೂ ದಾರಿ ಬೆಳ್ಳಗಿರ್ಲಿ, ಕಾಲು ಗಟ್ಟಿ ಇರ್ಲಿ..."

ಹರಸುವ ಹಿರಿಯರಿಂದ ಕ್ಯಾಮೆರಾ ತಿರುಗಿಸುವುದೆಂದರೆ ನಮ್ಮಲ್ಲಿ ಅವರ ಮುಖಕ್ಕೇ ಬಾಗಿಲು ಹಾಕಿದ ಹಾಗೆ. ಜೊಲ್ದೊಶ್ ಜನ್ಮದಲ್ಲಿ ಅಂಥದ್ದು ಮಾಡಿದವನಲ್ಲ. ಅಜ್ಜನನ್ನೇ ಚಿತ್ರಿಸುತ್ತ ನಿಂತಿದ್ದ. ಅಜ್ಜನ ಬೆನ್ನ ಹಿಂದೆ ಬೆಗಿಮಾಯ್ ಜಾರಿ ಬಂದಳು, ಗೆದ್ದಳು, ಓಡಿ ಬಂದು ವಿಡಿಯೊ ನೋಡಿದಳು. ಅಜ್ಜನ ಗಡ್ಡದ ಒಂದೊಂದು ಕೂದಲೂ ಸ್ಪಷ್ಟವಾಗಿತ್ತು.

"ಮಾವ, ನಾನೆಲ್ಲಿ?"

"ಇದ್ದೀಯಮ್ಮ... ಅಜ್ಜನ ಟೋಪಿ ಹಿಂದೆ."

ಹುಡುಗಿ ಅತ್ತುಬಿಟ್ಟಳು. ನನಗೆ ಅವನ ಮೇಲೆ ಸಿಟ್ಟು ಬಂತು, ಅಜ್ಜನ ಮೇಲೆ ಇನ್ನೂ ಹೆಚ್ಚು. ಸ್ಪರ್ಧೆ ಮುಗಿಯಿತೆಂದು ಕಂಬ ಕೀಳುವವರು ಆಗಲೇ ಕೆಲಸಕ್ಕೆ ಹೊರಟಿದ್ದರು. ಬೆಗಿಮಾಯ್ ಅವರನ್ನು ಅಂಗಲಾಚಿ ತಡೆದು, ಮೇಲಕ್ಕೊಯ್ಯುವ ರೋಪ್‌ವೇ ನಿಂತುಹೋಗಿದ್ದರಿಂದ ಸ್ಕೀಗಳನ್ನು ಹೆಗಲಿಗೇರಿಸಿ ನಡೆದೇ ಬೆಟ್ಟ ಹತ್ತಿದಳು.

ಅವಳು ತುದಿಯಲ್ಲಿ ಕೈಯೆತ್ತಿದಾಗ ಪಕ್ಕದಲ್ಲಿದ್ದ ಅಜ್ಜ ಮತ್ತೆ ಅಂಗೈ ಬಿಚ್ಚಿದ. ಅಭ್ಯಾಸಬಲದಿಂದ ಕ್ಯಾಮೆರಾ ತನ್ನಷ್ಟಕ್ಕೆ ಅವನತ್ತ ತಿರುಗತೊಡಗಿತು. ನಡುದಾರಿಯಲ್ಲಿ ನಿಂತಿತು. ಜೊಲ್ದೊಶ್ ಹಲ್ಲು ಕಚ್ಚಿ ಅಜ್ಜನಿಗೆ ಬೆನ್ನು ಹಾಕಿದ. ಹರಕೆಯ ಮಾತು ಅರ್ಧಕ್ಕೇ ನಿಂತಿತು. ಕೆಂಪು ಅಂಗಿ ಕಂಬದಿಂದ ಕಂಬಕ್ಕೆ ಇಳಿದು ಬಂದು, ಕ್ಯಾಮೆರಾದ ಎದುರಿಗೇ ಹಿಮ ಚಿಮ್ಮಿಸಿ ನಿಂತಿತು.

"ಬಂತಾ?" ಎಂದು ಕೂಗಿದಳು.

"ಪೂರ್ತಿ ಬಂತಮ್ಮ," ಎಂದ. ಆದರೆ ಹಿಂದಕ್ಕೆ ತಿರುಗಲು ಅವನಿಗೆ ಧೈರ್ಯವಿರಲಿಲ್ಲ. ಅಜ್ಜನೇ ಕೋಲೂರಿಕೊಂಡು ಸುತ್ತಿ ಬಂದು ಎದುರಿಗೆ ನಿಂತ.

"ಆ ಕ್ಯಾಮೆರಾ ನಿಲ್ಲಿಸು. ಈ ಹರಕೆ ಅದಕ್ಕಲ್ಲ, ನಿನಗೆ," ಎಂದು ಅಂಗೈ ಬಿಚ್ಚಿದ.

ಊರಿನ ಹರಕೆಗಳನ್ನೆಲ್ಲ ಕ್ಯಾಮೆರಾದಲ್ಲಿ ತುಂಬಿಕೊಂಡವನಿಗೆ ತನ್ನದೆಂದು ಒಂದು ಹರಕೆ ಬಂದದ್ದು ಅದೇ ಮೊದಲು. ಅದನ್ನು ಪಡೆಯಲು ತಾನೂ ಅಂಗೈ ಬಿಚ್ಚಬೇಕಲ್ಲ, ಕೈ ಖಾಲಿಯಿಲ್ಲ. ನನ್ನತ್ತ ನೋಡಿದ, ಬೆಗಿಮಾಯ್‌ಳತ್ತ ನೋಡಿದ, ಏನೂ ತೋಚದೆ ಆ ಹೊಸ ಕ್ಯಾಮೆರಾವನ್ನು ಹಿಮದ ಮೇಲೇ ಇಟ್ಟುಬಿಟ್ಟ.